ಲಾನ್ ಅಗೆಯುವ ಹಂದಿ, ಬೇರು ತಿನ್ನುವ ಹುಳು: ಯಾವ ಮಳೆಗೆ ಯಾವ ಕೆಲಸ?

ಹಂದಿಗೆ ನಿಮ್ಮ ಹುಲ್ಲು ಬೇಡ. ಅದಕ್ಕೆ ಬೇಕಿರುವುದು ಹುಲ್ಲಿನ ಬುಡದಲ್ಲಿರುವ ಗೊಣ್ಣೆ ಹುಳು, ಅಂದರೆ ಒಂದು ಬಗೆಯ ಕಂದು ದುಂಬಿಯ ಮರಿ.

ಧಾರವಾಡದ ಹೊರಬಡಾವಣೆಗಳಲ್ಲಿ, ಕಲಘಟಗಿ, ಅಳ್ನಾವರ ಕಡೆಯ ತೋಟದ ಮನೆಗಳಲ್ಲಿ ಮಳೆಗಾಲದ ಕೊನೆಗೆ ಒಂದೇ ದೂರು. ರಾತ್ರಿ ಚೆನ್ನಾಗಿದ್ದ ಲಾನ್ ಬೆಳಿಗ್ಗೆ ಮಗುಚಿ ಬಿದ್ದಿರುತ್ತದೆ. ಮನೆಯವರು ಬೇಲಿ ಬಿಗಿ ಮಾಡುತ್ತಾರೆ, ಪಟಾಕಿ ಹೊಡೆಯುತ್ತಾರೆ, ನಾಯಿ ತಂದು ಕಟ್ಟುತ್ತಾರೆ. ಮಣ್ಣಿನೊಳಗೆ ಏನಿದೆ ಅಂತ ಮಾತ್ರ ನೋಡುವುದಿಲ್ಲ. ಹುಳು ಇರುವ ತನಕ ಹಂದಿ ಹೋದರೆ ಹೆಗ್ಗಣ, ಹೆಗ್ಗಣ ಹೋದರೆ ಕಾಗೆ. ಹುಳುವಿಗೆ ಮದ್ದು ಇದೆ, ಆದರೆ ಅದಕ್ಕೊಂದು ವೇಳೆ ಇದೆ. ವೇಳೆ ತಪ್ಪಿದರೆ ದುಡ್ಡು ಮಣ್ಣುಪಾಲು, ಅಷ್ಟೇ.

ಅಗೆದವರು ಯಾರು?

ಗುರುತು ನೋಡಿದರೆ ಗೊತ್ತಾಗುತ್ತದೆ. ಹುಲ್ಲು ದೊಡ್ಡ ದೊಡ್ಡ ಹೆಂಟೆಯಾಗಿ ಮೇಲೆದ್ದು, ಮಣ್ಣು ಉದ್ದಕ್ಕೆ ಸೀಳಿದ್ದರೆ ಅದು ಹಂದಿಯ ಮೂತಿಯ ಕೆಲಸ. ಪಕ್ಕದಲ್ಲಿ ಎರಡು ಗೊರಸಿನ ಗುರುತು ಇರುತ್ತದೆ. ಕಾಡಿನ ಅಂಚಿನ ಊರಾದರೆ ಕಾಡುಹಂದಿ, ಹುಬ್ಬಳ್ಳಿಯ ಬಡಾವಣೆಯಾದರೆ ಬಹಳ ಮಟ್ಟಿಗೆ ಬೀದಿ ಹಂದಿ. ಬಿಲದ ಬಾಯಿ, ಅದರ ಹೊರಗೆ ಮಣ್ಣಿನ ಗುಡ್ಡೆ ಕಂಡರೆ ಹೆಗ್ಗಣ. ಹಗಲಿನಲ್ಲೇ ಅಲ್ಲಲ್ಲಿ ಸಣ್ಣ ಕುಳಿ ಬಿದ್ದರೆ ಮುಂಗುಸಿ ಇರಬಹುದು. ರಾತ್ರಿ ಬಿದ್ದ ಅಂಥದೇ ಕುಳಿ ಪುನುಗು ಬೆಕ್ಕಿನದೂ ಆಗಿರಬಹುದು. ಕಾಗೆ, ಗೊರವಂಕ, ನವಿಲು ಬಂದರೆ ಹುಲ್ಲಿನ ಎಳೆಗಳು ಕಿತ್ತು ಚೆಲ್ಲಿರುತ್ತವೆ.

ಬೇಸಿಗೆಯಲ್ಲಿ ನೆರಳಿನ ಜಾಗದಲ್ಲಿ ಒಂದೇ ಒಂದು ಅಗಲವಾದ ಗುಂಡಿ ಬಿದ್ದಿದೆಯೇ? ಅದು ಓಣಿಯ ನಾಯಿ. ಅದಕ್ಕೆ ಹುಳು ಬೇಕಿಲ್ಲ, ತಂಪು ಮಣ್ಣಿನಲ್ಲಿ ಮಲಗಬೇಕು. ಅದಕ್ಕಾಗಿ ಔಷಧಿ ಅಂಗಡಿಗೆ ಓಡಬೇಡಿ.

ಒಂದು ಚದರಡಿ ಎಬ್ಬಿಸಿ ನೋಡಿ

ಹಳದಿ ಬಿದ್ದ ಜಾಗದ ಅಂಚಿನಲ್ಲಿ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಎಳೆಯಿರಿ. ನೀರು ಸಾಲದೆ ಒಣಗಿದ ಹುಲ್ಲು ಸುಲಭಕ್ಕೆ ಬರುವುದಿಲ್ಲ, ಬೇರು ಹಿಡಿದಿರುತ್ತದೆ. ಹುಳು ತಿಂದ ಹುಲ್ಲು ಚಾಪೆ ಎತ್ತಿದಂತೆ ಮೇಲೇಳುತ್ತದೆ. ಕೆಳಗೆ ಬೇರೇ ಇರುವುದಿಲ್ಲ.

ಈಗ ಸಲಿಕೆಯಿಂದ ಒಂದು ಚದರಡಿ ಜಾಗದ ಮೂರು ಕಡೆ ಕೊಯ್ದು, ನಾಲ್ಕೈದು ಇಂಚು ಆಳದ ತನಕ ಮಣ್ಣು ಕೆದಕಿ. ಬೆಳ್ಳಗೆ ದಪ್ಪಗಿರುವ, ಕಂದು ತಲೆಯ, ಆರು ಕಾಲಿನ, ಮುಟ್ಟಿದರೆ ಬಾಗಿ ಮುದುಡಿಕೊಳ್ಳುವ ಹುಳು ಸಿಕ್ಕರೆ ಅದೇ ಗೊಣ್ಣೆ ಹುಳು. ಎಣಿಸಿ. ಇಂಥ ಎರಡು ಮೂರು ಜಾಗ ನೋಡಿ. ಒಂದೆರಡು ಸಿಕ್ಕರೆ ಸುಮ್ನೆ ಬಿಡಿ, ಆರೋಗ್ಯದ ಹುಲ್ಲು ಅಷ್ಟನ್ನು ತಾಳಿಕೊಳ್ಳುತ್ತದೆ. ಚದರಡಿಗೆ ನಾಲ್ಕೈದು ದಾಟಿದರೆ ಕೈಹಾಕಬೇಕು. ನೋಡಿದ ಮೇಲೆ ಹುಲ್ಲನ್ನು ಮತ್ತೆ ಕೂರಿಸಿ, ಒತ್ತಿ, ನೀರು ಹಾಕಿ.

ಇಲ್ಲೊಂದು ಪರೀಕ್ಷೆ ಇದೆ, ಮಕ್ಕಳಿಗೂ ಖುಷಿ. ಸಿಕ್ಕ ಹುಳುವನ್ನು ಕಟ್ಟೆಯ ಮೇಲೆ ಬಿಡಿ. ಕಾಲು ಮೇಲೆ ಮಾಡಿ, ಬೆನ್ನಿನ ಮೇಲೆ ತೆವಳಿಕೊಂಡು ಹೋದರೆ ಅದು ಹೂದುಂಬಿಯ ಜಾತಿಯ ಮರಿ. ಕೊಳೆತ ಎಲೆ, ಗೊಬ್ಬರ ತಿಂದು ಬದುಕುತ್ತದೆ, ಬೇರಿನ ತಂಟೆಗೆ ಬರುವುದಿಲ್ಲ. ಅದನ್ನು ತಿಪ್ಪೆಗೆ ಬಿಡಿ. ತಿಪ್ಪೆಯಲ್ಲೇ ಸಿಗುವ ಹೆಬ್ಬೆರಳಿನಷ್ಟು ದಪ್ಪ ಹುಳು ಬಹುತೇಕ ತೆಂಗಿನ ಕುರುವಾಯಿ ದುಂಬಿಯ ಮರಿ. ಅದೂ ಲಾನಿನ ಶತ್ರು ಅಲ್ಲ. ತೆಂಗು ಇದ್ದವರಿಗೆ ಮಾತ್ರ ಅದು ಬೇರೆ ತಲೆನೋವು.

ಮಣ್ಣಿನ ಮಾತನ್ನೂ ಹೇಳಬೇಕು. ಗೊಣ್ಣೆ ಹುಳುವಿಗೆ ಸಡಿಲವಾದ ಮಸಾರಿ, ಅಂದರೆ ಕೆಂಪು ಮಣ್ಣು ಹೆಚ್ಚು ಇಷ್ಟ. ಹಾಗಾದರೆ ಎರೆಮಣ್ಣಿನ ಗದಗ, ನವಲಗುಂದದವರು ಆರಾಮಾಗಿ ಇರಬಹುದೇ? ಅಷ್ಟು ಸುಲಭ ಇಲ್ಲ. ಲಾನ್ ಹಾಕುವಾಗ ಎರೆಯ ಮೇಲೆ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು, ಒಂದು ಟ್ರ್ಯಾಕ್ಟರ್ ಗೊಬ್ಬರ ಸುರಿಯುತ್ತೇವೆ ಅಲ್ವಾ? ಹುಳುವಿಗೆ ಬೇಕಾದ ಮನೆಯನ್ನು ನಾವೇ ಕಟ್ಟಿಕೊಟ್ಟಂತಾಯಿತು. ಅದಕ್ಕೇ ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸಗಣಿ ವಾಸನೆ ಬರುವ ಗೊಬ್ಬರವನ್ನು ಲಾನಿಗೆ ಹಾಕಲೇಬಾರದು.

ರೋಹಿಣಿಯ ಆಸುಪಾಸು: ದುಂಬಿ ಹಿಡಿಯುವ ಹೊತ್ತು

ನಮ್ಮ ಭಾಗದಲ್ಲಿ ಹೆಚ್ಚು ಕಾಣುವ ಗೊಣ್ಣೆ ಹುಳುವಿಗೆ ವರ್ಷಕ್ಕೆ ಒಂದೇ ಪೀಳಿಗೆ. ದುಂಬಿಗಳು ಬೇಸಿಗೆಯಿಡೀ ಮಣ್ಣಿನಲ್ಲಿ ತೆಪ್ಪಗೆ ಕೂತಿರುತ್ತವೆ. ಮೇ ತಿಂಗಳ ಅಡ್ಡಮಳೆಯೋ, ಜೂನ್‌ನ ಮೊದಲ ಮಳೆಯೋ ಜೋರಾಗಿ ಬಿದ್ದ ಸಂಜೆ ಒಟ್ಟಿಗೆ ಮೇಲೆ ಬರುತ್ತವೆ. ಬಂದವು ಬೇವು, ಬಾರಿ, ಜಾಲಿ, ನುಗ್ಗೆ ಗಿಡಗಳ ಮೇಲೆ ಕೂತು ಎಲೆ ತಿನ್ನುತ್ತವೆ, ಅಲ್ಲೇ ಕೂಡುತ್ತವೆ. ಬೆಳಕು ಹರಿಯುವ ಮುಂಚೆ ಮತ್ತೆ ಮಣ್ಣು ಸೇರುತ್ತವೆ. ಆಮೇಲೆ ಮೊಟ್ಟೆ. ಒಂದು ದುಂಬಿ ಹಿಡಿದರೆ ಎಷ್ಟು ಹುಳು ತಪ್ಪಿದವು ಎಂದು ನೀವೇ ಲೆಕ್ಕ ಹಾಕಿ. ಇಡೀ ವರ್ಷದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಹೀಗೆ ಮಾಡಿ. ಮೊದಲ ದೊಡ್ಡ ಮಳೆಯಾದ ಸಂಜೆಯಿಂದ ಕೆಲವು ದಿನ, ಏಳು ಏಳೂವರೆಯ ನಂತರ ಬೇವಿನ ಗಿಡದ ಕೆಳಗೆ ಹಳೆಯ ತಾಡಪತ್ರಿ ಹಾಸಿ. ಕೊಂಬೆಯನ್ನು ಕೋಲಿನಿಂದ ಅಲ್ಲಾಡಿಸಿ. ಬಿದ್ದ ಕಂದು ದುಂಬಿಗಳನ್ನು ಸೋಪಿನ ನೀರಿನ ಬಕೆಟ್‌ಗೆ ಹಾಕಿ. ಗಿಡ ಎತ್ತರವಾಗಿದ್ದರೆ ದೀಪದ ಬಲೆ ಮಾಡಿ: ಒಂದು ಬಲ್ಬ್, ಅದರ ಕೆಳಗೆ ಸೋಪಿನ ನೀರು ತುಂಬಿದ ಅಗಲವಾದ ಬೋಗುಣಿ. ಬಲ್ಬ್ ಮಳೆಗೆ ನೆನೆಯದಂತೆ, ವೈರ್ ನೀರಿಗೆ ತಾಗದಂತೆ ಕಟ್ಟಬೇಕು. ರಾತ್ರಿ ಹತ್ತರ ನಂತರ ಆರಿಸಿಬಿಡಿ, ಇಲ್ಲದಿದ್ದರೆ ಪಾಪದ ಹುಳುಗಳೂ ಜಾಸ್ತಿ ಸಾಯುತ್ತವೆ. ಇದೇ ದಿನಗಳಲ್ಲಿ ಲಾನಿನ ಮೇಲೆ ಬೀಳುವ ಅಂಗಳದ ಲೈಟು, ಗೇಟಿನ ಲೈಟು ಸಂಜೆ ಹಚ್ಚದೇ ಇದ್ದರೆ ಒಳ್ಳೆಯದು. ದುಂಬಿಯನ್ನು ನಾವೇ ಕರೆದು ಮೊಟ್ಟೆ ಇಡಿಸಿಕೊಳ್ಳುವುದು ಬೇಡ.

ಓಣಿಯವರೆಲ್ಲ ಕೂಡಿ ಮಾಡಿದರೆ ಫಲ ಹೆಚ್ಚು. ನಿಮ್ಮ ಗಿಡದ ದುಂಬಿ ಪಕ್ಕದ ಮನೆಯ ಲಾನಿಗೂ ಹೋಗುತ್ತದೆ, ಅವರದು ನಿಮ್ಮಲ್ಲಿಗೂ ಬರುತ್ತದೆ.

ಆರಿದ್ರಾದಿಂದ ಪುಷ್ಯದವರೆಗೆ: ಮದ್ದು ಹಾಕುವ ಹೊತ್ತು

ಜೂನ್ ಕೊನೆಯಿಂದ ಜುಲೈ ಪೂರ್ತಿ ಮರಿಗಳು ಚಿಕ್ಕವಿರುತ್ತವೆ, ಮಣ್ಣಿನ ಮೇಲ್ಪದರದಲ್ಲೇ ಇರುತ್ತವೆ, ಮಣ್ಣೂ ಒದ್ದೆ ಇರುತ್ತದೆ. ಜೈವಿಕ ಮದ್ದಿಗೆ ಈ ಮೂರೂ ಬೇಕು.

ಸುಲಭಕ್ಕೆ ಸಿಗುವುದು ಮೆಟಾರೈಜಿಯಂ. ಇದು ಹುಳುವಿಗೆ ರೋಗ ತರುವ ಒಂದು ಬಗೆಯ ಬೂಸ್ಟು. ಚೆನ್ನಾಗಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರಕ್ಕೆ ಪುಡಿ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿಚೀಲ ಮುಚ್ಚಿ ಒಂದು ವಾರ ಇಡಿ. ಆಮೇಲೆ ಸಂಜೆ ಹೊತ್ತು ಲಾನಿನ ಮೇಲೆ ಹರಡಿ, ಪೊರಕೆಯಿಂದ ಹುಲ್ಲಿನ ಬುಡಕ್ಕೆ ಇಳಿಯುವಂತೆ ಆಡಿಸಿ ನೀರು ಬಿಡಿ. ಪ್ಯಾಕೆಟ್ ಮೇಲೆ ಪ್ರಮಾಣ ಎಕರೆ ಲೆಕ್ಕದಲ್ಲಿ ಇರುತ್ತದೆ. ಗುಂಟೆ ಎಂದರೆ ಎಕರೆಯ 40ರಲ್ಲಿ ಒಂದು ಭಾಗ, 1,089 ಚದರಡಿ. ಅದರಂತೆ ಭಾಗಿಸಿಕೊಳ್ಳಿ. ಕೊಳ್ಳುವಾಗ ತಯಾರಾದ ದಿನ, ಮುಗಿಯುವ ದಿನ ಎರಡನ್ನೂ ಓದಿ. ಅಂಗಡಿಯ ಬಿಸಿಲಿಗೆ ಬಿದ್ದಿದ್ದ ಪ್ಯಾಕೆಟ್ ಬೇಡವೇ ಬೇಡ. ಒಳಗಿರುವುದು ಜೀವ. ಹಾಕುವ ಆಸುಪಾಸಿನಲ್ಲಿ ಶಿಲೀಂಧ್ರನಾಶಕ ಸಿಂಪಡಿಸಿದರೆ ಅದೂ ಸಾಯುತ್ತದೆ.

ಇನ್ನೊಂದು, ಹುಳು ಕೊಲ್ಲುವ ಜಂತು. ಕಣ್ಣಿಗೆ ಕಾಣದಷ್ಟು ಸಣ್ಣ ಈ ಜಂತುಗಳನ್ನು ನೀರಿಗೆ ಕಲಸಿ ಹೊತ್ತು ಮುಳುಗಿದ ಮೇಲೆ ಹಾಕಬೇಕು, ಬಿಸಿಲು ತಾಗಿದರೆ ಸತ್ತುಹೋಗುತ್ತವೆ. ನಮ್ಮ ಸೆಕೆಗೆ ಒಗ್ಗುವುದು ಹೆಟೆರೋರಾಬ್ಡೈಟಿಸ್ ಇಂಡಿಕಾ ಎಂಬ ಜಾತಿ. ಹಾಕುವ ಮೊದಲೂ ನಂತರವೂ ಮಣ್ಣು ಒದ್ದೆ ಇರಲಿ.

ಎರಡೂ ಮರುದಿನವೇ ಹುಳು ಸಾಯಿಸುವುದಿಲ್ಲ. ಮೂರು ವಾರ ಬಿಟ್ಟು ಮತ್ತೆ ಒಂದು ಚದರಡಿ ಎಬ್ಬಿಸಿ. ಸತ್ತ ಹುಳುವಿನ ಮೈಮೇಲೆ ಹಸಿರು ಪುಡಿ ಇದ್ದರೆ ಮೆಟಾರೈಜಿಯಂ ಹಿಡಿದಿದೆ. ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಜಂತುವಿನ ಕೆಲಸ.

ರಾಸಾಯನಿಕದ ಬಗ್ಗೆ ಕೇಳುತ್ತೀರಿ, ಗೊತ್ತು. ಹಿಂದೆ ಹೊಲಗಳಲ್ಲಿ ಗೊಣ್ಣೆ ಹುಳುವಿಗೆ ಫೋರೇಟ್ ಹರಳು ಹಾಕುತ್ತಿದ್ದರು. ಬಹಳ ವಿಷದ ವಸ್ತು ಅದು. ದೇಶದಲ್ಲಿ ಅದರ ಬಳಕೆ 2020ರ ಕೊನೆಗೆ ನಿಂತಿದೆ. ಯಾರದೋ ಮನೆಯ ಮೂಲೆಯಲ್ಲಿ ಹಳೆಯ ಡಬ್ಬಿ ಉಳಿದಿದ್ದರೆ ಅದನ್ನು ಲಾನಿಗೆ ತರಬೇಡಿ. ಮಕ್ಕಳು ಬರಿಗಾಲಲ್ಲಿ ಆಡುವ ಜಾಗ. ವಿಷ ತಿಂದ ಹುಳುವನ್ನು ಕಾಗೆ, ಗೊರವಂಕ ತಿನ್ನುತ್ತವೆ. ಉಳಿದ ಕೀಟನಾಶಕಗಳನ್ನೂ ತಜ್ಞರನ್ನು ಕೇಳದೆ ಮನೆಯಂಗಳಕ್ಕೆ ಹಾಕುವುದು ಬೇಡ.

ಹುಬ್ಬ, ಉತ್ತರೆ: ಹುಳು ಕೊಬ್ಬಿದೆ, ಹಂದಿ ಬಂದಿದೆ

ಆಗಸ್ಟ್ ಕೊನೆ, ಸೆಪ್ಟೆಂಬರ್‌ಗೆ ಹುಳು ಪೂರ್ತಿ ಬೆಳೆದಿರುತ್ತದೆ. ಬೇರು ತಿನ್ನುವುದೂ ಆಗಲೇ ಹೆಚ್ಚು, ಪ್ರಾಣಿಗಳು ಬರುವುದೂ ಆಗಲೇ. ಈಗ ಮದ್ದಿನ ಫಲ ಕಡಿಮೆ. ಲಾನ್ ಉಳಿಸಿಕೊಳ್ಳುವ ಕೆಲಸ ನೋಡಬೇಕು.

ಕಿತ್ತ ಹುಲ್ಲನ್ನು ಬೆಳಿಗ್ಗೆಯೇ ಸರಿ ಮಾಡಿ. ಬಿಸಿಲೇರಿ ಬೇರು ಒಣಗಿದರೆ ಮುಗಿಯಿತು. ಹೆಂಟೆ ಮಗುಚಿದಾಗ ಕಂಡ ಹುಳುಗಳನ್ನು ಆರಿಸಿ ಕೋಳಿಗೆ ಹಾಕಿ, ಇಲ್ಲವೇ ಸೋಪಿನ ನೀರಿಗೆ. ಕೆಳಗಿನ ಮಣ್ಣು ಸಡಿಲಿಸಿ, ಹುಲ್ಲು ಕೂರಿಸಿ, ಕಾಲಿನಿಂದ ಒತ್ತಿ ನೀರು ಕೊಡಿ. ಕರಿಕೆಯ ಲಾನ್ ಬೇಗ ಚೇತರಿಸಿಕೊಳ್ಳುತ್ತದೆ. ಮೆಕ್ಸಿಕನ್ ಹುಲ್ಲು ನಿಧಾನ, ಅದಕ್ಕೆ ತಾಳ್ಮೆ ಬೇಕು.

ಪದೇ ಪದೇ ಅಗೆಯುವ ಜಾಗದ ಮೇಲೆ ಕೋಳಿಗೂಡಿನ ತಂತಿಜಾಲರಿಯನ್ನು ಚಪ್ಪಟೆಯಾಗಿ ಹಾಸಿ, ಅಂಚಿಗೆ ಗೂಟ ಹೊಡೆಯಿರಿ. ಹುಲ್ಲು ಅದರೊಳಗಿಂದ ಬೆಳೆಯುತ್ತದೆ, ಹಕ್ಕಿ, ಮುಂಗುಸಿಗೆ ಅಗೆಯಲು ಆಗುವುದಿಲ್ಲ. ಹುಲ್ಲು ಕತ್ತರಿಸುವ ಯಂತ್ರ ಓಡಿಸುವ ಮುಂಚೆ ತೆಗೆಯುವುದನ್ನು ಮರೆಯಬೇಡಿ. ಹಂದಿಗೆ ಇಷ್ಟು ಸಾಲದು, ಬೇಲಿಯೇ ಬೇಕು. ಜಾಲರಿಯ ಕೆಳಗಿನ ಒಂದು ಅಡಿಯನ್ನು ಹೊರಮುಖವಾಗಿ ಬಗ್ಗಿಸಿ ಮಣ್ಣಿನಲ್ಲಿ ಹೂಳಿ. ಹಂದಿ ಬೇಲಿ ಹಾರುವುದಕ್ಕಿಂತ ಅಡಿಯಿಂದ ನುಗ್ಗುವುದೇ ಹೆಚ್ಚು. ಗೇಟಿನ ಕೆಳಗಿನ ಸಂದಿಯನ್ನೂ ನೋಡಿ.

ಖಾರದ ಪುಡಿ, ಫಿನಾಯಿಲ್, ಕ್ಷೌರದಂಗಡಿಯ ಕೂದಲು ಎಲ್ಲವನ್ನೂ ಜನ ಬಳಸುತ್ತಾರೆ. ಒಂದು ಮಳೆ ಬಂದರೆ ವಾಸನೆ ಹೋಯಿತು. ಹೊಲದ ಸುತ್ತ ಹಳೆ ಸೀರೆ ಕಟ್ಟುವ ಉಪಾಯವೂ ಇದೆ. ಬಡಾವಣೆಯಲ್ಲಿ ಅದನ್ನು ಮಾಡಿದರೆ ಹಂದಿಗಿಂತ ಮೊದಲು ನೆರೆಯವರು ವಿಚಾರಿಸಲು ಬರುತ್ತಾರೆ.

ಉರುಳು, ವಿಷ, ಸಿಡಿಮದ್ದು, ಬೇಲಿಗೆ ಮನೆಯ ಕರೆಂಟು ಇವು ಮಾತ್ರ ಬೇಡ. ಕಾಡುಹಂದಿ, ಮುಂಗುಸಿ, ನವಿಲು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕೊಂದರೆ ಜೈಲಿನ ತನಕ ಹೋಗುತ್ತದೆ. ಕರೆಂಟಿನ ಬೇಲಿ ಮನುಷ್ಯರ ಜೀವವನ್ನೂ ತೆಗೆಯುತ್ತದೆ. ಕಾಡುಹಂದಿ ಕಾಟ ಮಿತಿಮೀರಿದರೆ ಅರಣ್ಯ ಇಲಾಖೆಗೆ, ಬೀದಿ ಹಂದಿಯಾದರೆ ಪಾಲಿಕೆಗೆ ಅಥವಾ ಪುರಸಭೆಗೆ ಹೇಳಿ.

ಚಿತ್ತ ಮಳೆ ದಾಟಿದ ಮೇಲೆ

ಅಕ್ಟೋಬರ್ ಅರ್ಧದ ನಂತರ ಹುಳುಗಳು ಆಳಕ್ಕೆ ಇಳಿದು ಕೋಶವಾಗುತ್ತವೆ. ಈಗ ಮದ್ದು ಮಾರಲು ಬಂದವರಿಗೆ ನಮಸ್ಕಾರ ಹೇಳಿ ಕಳಿಸಿ. ಲಾನ್ ಪೂರ್ತಿ ಹಾಳಾಗಿದ್ದರೆ ಬೇಸಿಗೆಯಲ್ಲಿ ಆಳವಾಗಿ ಅಗೆದು ಮಣ್ಣನ್ನು ಬಿಸಿಲಿಗೆ ಬಿಡಿ. ಮೇಲೆ ಬಂದ ದುಂಬಿಗಳನ್ನು ಹಕ್ಕಿಗಳು ಆರಿಸಿಕೊಳ್ಳುತ್ತವೆ. ಹೊಸ ಹುಲ್ಲು ಮಳೆಗೆ ನೆಡಬಹುದು.

ಸಿಕ್ಕಿದ್ದು ಯಾವ ಹುಳು ಎಂಬ ಅನುಮಾನ ಇದ್ದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಲ್ಲಿ ತೋರಿಸಬಹುದು. ಗದಗಿನವರಿಗೆ ಹುಲಕೋಟಿಯ, ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಹುಳುಗಳನ್ನು ಒಣ ಡಬ್ಬಿಯಲ್ಲಿ ಒಯ್ಯಬೇಡಿ, ಸಾಯುತ್ತವೆ. ಅದೇ ಜಾಗದ ಒದ್ದೆ ಮಣ್ಣು ಹಾಕಿ, ಒಂದು ಡಬ್ಬಿಗೆ ಒಂದೇ ಹುಳು ಇಡಿ. ಜೊತೆಗಿಟ್ಟರೆ ಒಂದನ್ನೊಂದು ಕಚ್ಚುತ್ತವೆ.