ಹೊರಗಿನ ಲಾರಿ ಒಳಗೆ ಬರಲೋ ಬೇಡವೋ? ತೀರ್ಮಾನಿಸುವುದು ಹೀಗೆ

ಮೆಕ್ಸಿಕೋದ ಲಾರಿಗಳು ಗಡಿ ದಾಟಿ ಅಮೆರಿಕದ ಒಳಗಿನ ಊರುಗಳವರೆಗೆ ಬರಬಹುದೇ? ಅಲ್ಲಿ ಈ ಜಗಳಕ್ಕೆ 30 ವರ್ಷ ದಾಟಿದೆ. ಪೋಲೆಂಡ್‌ನವರಿಗೆ ಉಕ್ರೇನ್ ಲಾರಿಗಳ ಮೇಲೆ ಇದೇ ಸಿಟ್ಟು. ನಮ್ಮ ಕಡೆ ಬಾಂಗ್ಲಾದೇಶ, ಭೂತಾನ್ ಗಡಿಯಲ್ಲೂ ಇದೇ ಮಾತು. ಅಷ್ಟು ದೂರ ಯಾಕೆ, ಯಶವಂತಪುರದ ಟ್ರಕ್ ಟರ್ಮಿನಲ್ ಕಡೆ ಒಂದು ರೌಂಡ್ ಹಾಕಿದರೆ ಸಾಕು. "ನಮ್ಮ ಗಾಡಿ ಇಲ್ಲಿ ಸುಮ್ನೆ ನಿಂತಿದೆ, ಹೊರಗಿನ ನಂಬರಿನವನು ಕಡಿಮೆ ಬಾಡಿಗೆಗೆ ಲೋಡ್ ಎತ್ಕೊಂಡು ಹೋದ" ಎಂಬ ಮಾತು ಕಿವಿಗೆ ಬೀಳುತ್ತದೆ.

ಇಂಥ ಸುದ್ದಿ ಓದಿದಾಗ ಎರಡೂ ಕಡೆಯವರು ಹೇಳುವುದು ಸರಿ ಎನಿಸುತ್ತದೆ. ಯಾರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂದು ತಿಳಿಯಲು ಕೆಲವು ಪ್ರಶ್ನೆಗಳನ್ನು ಒಂದಾದ ಮೇಲೆ ಒಂದು ಕೇಳಿಕೊಳ್ಳಬೇಕು. ನನ್ನ ಪಕ್ಷ ಯಾವುದು ಎಂದು ಮೊದಲೇ ಹೇಳಿಬಿಡುತ್ತೇನೆ: ಈ ಜಗಳ ಬಾಯಲ್ಲಿ ಬ್ರೇಕಿನದ್ದು, ಅಂದರೆ ಸುರಕ್ಷತೆಯದ್ದು; ಹೊಟ್ಟೆಯಲ್ಲಿ ಬಾಡಿಗೆಯದ್ದು.

ಹಂತ 1: ಯಾವ ಹಕ್ಕಿನ ಮಾತು ಎಂದು ಬೇರೆ ಮಾಡಿ

"ಹೊರಗಿನ ಲಾರಿಗೆ ಅವಕಾಶ" ಎಂಬ ಒಂದೇ ಮಾತಿನಲ್ಲಿ ಮೂರು ಸಂಗತಿ ಸೇರಿಕೊಂಡಿರುತ್ತವೆ. ಸರಕು ತಂದು, ಇಳಿಸಿ, ಖಾಲಿ ವಾಪಸ್ ಹೋಗುವುದು ಒಂದು. ಇಳಿಸಿದ ಮೇಲೆ ತನ್ನ ದೇಶಕ್ಕೆ ರಿಟರ್ನ್ ಲೋಡ್ ಹಿಡಿಯುವುದು ಇನ್ನೊಂದು. ಮೂರನೆಯದು, ಬಂದ ದೇಶದೊಳಗೇ ಒಂದೂರಿನಿಂದ ಇನ್ನೊಂದೂರಿಗೆ ಬಾಡಿಗೆ ಹೊಡೆಯುವುದು; ಇದನ್ನು ಒಳಬಾಡಿಗೆ ಎನ್ನೋಣ. ಕೂಗು ಏಳುವುದು ಹೆಚ್ಚಾಗಿ ಈ ಮೂರನೆಯದಕ್ಕೆ. ಆದರೆ ಚರ್ಚೆಯಲ್ಲಿ ಮೂರನ್ನೂ ಕಲಸಿ ಮಾತಾಡುತ್ತಾರೆ.

ನಮ್ಮ ನ್ಯಾಷನಲ್ ಪರ್ಮಿಟ್ ನಿಯಮವನ್ನೇ ನೋಡಿ. ಕೊಯಮತ್ತೂರಿನ ಲಾರಿ ಪೀಣ್ಯಕ್ಕೆ ಮಾಲು ತರಬಹುದು. ಪೀಣ್ಯದಿಂದ ಕೊಯಮತ್ತೂರಿಗೋ ಪುಣೆಗೋ ಲೋಡ್ ಹಿಡಿಯಬಹುದು. ಆದರೆ ಪೀಣ್ಯದಲ್ಲಿ ತುಂಬಿ ಹುಬ್ಬಳ್ಳಿಯಲ್ಲಿ ಇಳಿಸುವ ಹಾಗಿಲ್ಲ. ತನ್ನದಲ್ಲದ ರಾಜ್ಯದೊಳಗೆ ಎರಡು ಊರುಗಳ ನಡುವೆ ಸರಕು ಹೊರುವಂತಿಲ್ಲ. ಒಂದೇ ದೇಶ, ಒಂದೇ ಜಿಎಸ್‌ಟಿ ಇರುವಾಗಲೇ ಹೀಗೆ! ಈ ನಿಯಮವನ್ನು ರಸ್ತೆಯಲ್ಲಿ ಎಷ್ಟರ ಮಟ್ಟಿಗೆ ಪಾಲಿಸುತ್ತಾರೆ ಎನ್ನುವುದು ಬೇರೆ ಕಥೆ.

ಯುರೋಪಿನ ಒಕ್ಕೂಟದಲ್ಲಿ ಸ್ವಲ್ಪ ಸಡಿಲ. ಬೇರೆ ಸದಸ್ಯ ದೇಶದ ಲಾರಿ ತಾನು ತಂದ ಸರಕು ಇಳಿಸಿದ ಮೇಲೆ 7 ದಿನದೊಳಗೆ 3 ಒಳಬಾಡಿಗೆ ಹೊಡೆಯಬಹುದು. 2022ರಿಂದ ಅದಕ್ಕೆ ಇನ್ನೊಂದು ಕಟ್ಟು ಸೇರಿತು: ಆಮೇಲೆ 4 ದಿನ ಅದೇ ಗಾಡಿ ಆ ದೇಶದಲ್ಲಿ ಒಳಬಾಡಿಗೆ ಹಿಡಿಯುವಂತಿಲ್ಲ. ಅಮೆರಿಕದಲ್ಲಿ ಮೆಕ್ಸಿಕೋ ಲಾರಿಗೆ ಒಳಬಾಡಿಗೆಯ ಹಕ್ಕೇ ಇಲ್ಲ. ಹೂಸ್ಟನ್‌ನಲ್ಲಿ ತುಂಬಿ ಡಲ್ಲಾಸ್‌ನಲ್ಲಿ ಇಳಿಸುವಂತಿಲ್ಲ. ಹಾಗಾಗಿ "ಮೆಕ್ಸಿಕೋದವರು ಬಂದು ನಮ್ಮ ಊರಿನ ಬಾಡಿಗೆಯನ್ನೆಲ್ಲ ಬಾಚಿಕೊಳ್ಳುತ್ತಾರೆ" ಎಂದು ಯಾರಾದರೂ ಅಂದರೆ, ಕಾಗದದ ಮೇಲಾದರೂ ಅದು ತಪ್ಪು.

ಹಂತ 2: ಸರಕು ಎಲ್ಲಿ ಗಾಡಿ ಬದಲಿಸುತ್ತದೆ ನೋಡಿ

ನನ್ನ ಮಟ್ಟಿಗೆ ಇದೇ ಮುಖ್ಯವಾದ ಹಂತ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಬೆಲೆ ಕೂಡಿಬಂದಾಗ ಕೋಲಾರದ ಟೊಮೆಟೊ ಬಾಂಗ್ಲಾದೇಶಕ್ಕೂ ಹೋಗುತ್ತದೆ. ಮಂಡಿಯಲ್ಲಿ 15 ಕೆ.ಜಿ.ಯ ಬಾಕ್ಸ್‌ಗಳನ್ನು ಜೋಡಿಸಿಕೊಂಡ ಲಾರಿ ಆಂಧ್ರ, ಒಡಿಶಾ ದಾಟಿ, ಎರಡು ಸಾವಿರ ಕಿ.ಮೀ. ಹತ್ತಿರ ಓಡಿ ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿ ತಲುಪುತ್ತದೆ ಎಂದುಕೊಳ್ಳಿ. ಅಲ್ಲಿಂದ ಢಾಕಾ ಒಂದು ದಿನದ ದಾರಿಯೂ ಅಲ್ಲ. ಆದರೆ ನಮ್ಮ ಲಾರಿ ಢಾಕಾಕ್ಕೆ ಹೋಗುವುದಿಲ್ಲ. ಗಡಿಯ ಆಚೆ ಬೆನಾಪೋಲ್‌ನ ಅಂಗಳದವರೆಗೆ ಹೋಗಿ ನಿಲ್ಲುತ್ತದೆ. ಹಮಾಲಿಗಳು ಬಾಕ್ಸ್ ಇಳಿಸಿ ಬಾಂಗ್ಲಾ ನಂಬರಿನ ಲಾರಿಗೆ ತುಂಬುತ್ತಾರೆ. ನಮ್ಮ ಗಾಡಿ ಖಾಲಿ ವಾಪಸ್. ಹಣ್ಣಾದ ಟೊಮೆಟೊ ಬಾಕ್ಸನ್ನು ಎರಡನೇ ಸಲ ಎತ್ತಿ ಹಾಕಿದರೆ ಏನಾಗುತ್ತದೆ ಎಂದು ಮಂಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿಶ್ವಬ್ಯಾಂಕ್ 2021ರ ವರದಿಯಲ್ಲಿ ಈ ಗಡಿಯ ಲೆಕ್ಕ ಕೊಟ್ಟಿತ್ತು. ದಾಟಲು ಒಟ್ಟು 138 ಗಂಟೆ. ಅದರಲ್ಲಿ 28 ಗಂಟೆ ಬರೀ ಸರಕನ್ನು ಗಾಡಿಯಿಂದ ಗಾಡಿಗೆ ಹಾಕಲು. ಇಷ್ಟೇ ಸರಕು ಓಡಾಡುವ ಪೂರ್ವ ಆಫ್ರಿಕಾದ ಗಡಿಗಳಲ್ಲಿ 6 ಗಂಟೆಗಿಂತ ಕಡಿಮೆ. ಬೇಗ ಕೆಡುವ ಸರಕನ್ನು ಮುಂದೆ ಬಿಡಬಹುದು, ಒಪ್ಪೋಣ. ಇಳಿಸಿ ಹತ್ತಿಸುವ ಕೆಲಸವಂತೂ ತಪ್ಪುವುದಿಲ್ಲ.

ಗಡಿಯಲ್ಲಿ ಗಾಡಿ ಬದಲಿಸುವ ಫಜೀತಿ ಬೆಂಗಳೂರಿಗೆ ಹೊಸದಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆಯಾದಾಗ ತಮಿಳುನಾಡಿನ ನಂಬರಿನ ಬಸ್ಸು, ಲಾರಿಗಳಿಗೆ ಇಲ್ಲಿ ಬೆಂಕಿ ಬಿತ್ತು. ಗಡಿಯಲ್ಲಿ ಬಸ್ ನಿಂತವು. ಜನ ಬ್ಯಾಗು, ಮಕ್ಕಳನ್ನು ಎತ್ತಿಕೊಂಡು ಅತ್ತಿಬೆಲೆಗೂ ಜೂಜುವಾಡಿಗೂ ನಡುವೆ ನಡೆದು, ಆಚೆ ಕಡೆ ಇನ್ನೊಂದು ಬಸ್ ಹಿಡಿದರು. ಪೆಟ್ರಾಪೋಲ್‌ನಲ್ಲಿ ಸರಕಿನ ಪಾಡು ದಿನಾ ಅದೇ.

ಅಮೆರಿಕ–ಮೆಕ್ಸಿಕೋ ಗಡಿಯಲ್ಲಿ ಕೆಲಸ ಇನ್ನೊಂದು ಥರ. ಟೆಕ್ಸಾಸ್‌ನ ಲರೇಡೊ ಊರಿನ ಆಚೆ ದಡದಲ್ಲಿ ನ್ಯೂವೋ ಲರೇಡೊ ಇದೆ. ಮೆಕ್ಸಿಕೋದ ಒಳನಾಡಿನಿಂದ ಬಂದ ಲಾರಿ ಅಲ್ಲಿ ಟ್ರೈಲರನ್ನು ಬಿಟ್ಟು ಹೋಗುತ್ತದೆ. ಗಡಿ ದಾಟಿಸುವುದಕ್ಕೆಂದೇ ಇರುವ ಬೇರೊಂದು ಎಂಜಿನ್ ಗಾಡಿ ಅದನ್ನು ಎಳೆದುಕೊಂಡು ಸೇತುವೆ ದಾಟಿ ಅಮೆರಿಕದ ಯಾರ್ಡ್‌ನಲ್ಲಿ ನಿಲ್ಲಿಸುತ್ತದೆ. ಅಲ್ಲಿಂದ ಅಮೆರಿಕದ ಲಾರಿ. ಅಂದರೆ ಕೆಲವು ಕಿ.ಮೀ. ಗಡಿಗೆ ಮೂರು ಎಂಜಿನ್, ಮೂರು ಡ್ರೈವರ್, ಮೂರು ಬಿಲ್. ಆದರೂ ಒಂದು ಅನುಕೂಲ ಇದೆ. ಬದಲಾಗುವುದು ಎಳೆಯುವ ಗಾಡಿ ಮಾತ್ರ, ಟ್ರೈಲರ್ ಅದೇ. ಒಳಗಿನ ಪೆಟ್ಟಿಗೆ ಅಲುಗುವುದಿಲ್ಲ.

ಲಾರಿ ದಾಟಲೇಬೇಕು ಎಂಬ ಹಟ ಬೇಡ, ಸೀಲ್ ಹಾಕಿದ ಕಂಟೇನರ್ ದಾಟಿದರೂ ಅರ್ಧ ತೊಂದರೆ ತಪ್ಪುತ್ತದೆ ಎನ್ನುವವರ ವಾದಕ್ಕೆ ಬಲ ಬರುವುದು ಇಲ್ಲೇ. ಭಾರತ 2017ರಲ್ಲಿ ಟಿಐಆರ್ ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು. ಹೊರಟ ಕಡೆ ಕಸ್ಟಮ್ಸ್ ಸೀಲ್ ಹಾಕಿದರೆ, ದಾರಿಯ ದೇಶಗಳು ಸೀಲ್ ಒಡೆದು ಸರಕು ತಡಕಾಡದೆ ಬಿಡುವ ಏರ್ಪಾಡು ಅದು.

ಹಂತ 3: ಒಪ್ಪಂದದ ತಾರೀಕು, ಲಾರಿ ಹೊರಟ ತಾರೀಕು ಅಕ್ಕಪಕ್ಕ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ನಾಫ್ಟಾ ವ್ಯಾಪಾರ ಒಪ್ಪಂದ ಜಾರಿಯಾದದ್ದು 1994ರ ಜನವರಿ 1. 1995ರ ಡಿಸೆಂಬರ್‌ನಿಂದ ಗಡಿ ರಾಜ್ಯಗಳಿಗೆ, 2000ದಿಂದ ಇಡೀ ಅಮೆರಿಕಕ್ಕೆ ಮೆಕ್ಸಿಕೋ ಲಾರಿ ಹೋಗಬಹುದು ಎಂದು ಅದರಲ್ಲಿ ಬರೆದಿತ್ತು. 1995ರ ಡಿಸೆಂಬರ್ ಬಂತು, ಕ್ಲಿಂಟನ್ ಸರ್ಕಾರ ಸುರಕ್ಷತೆಯ ಕಾರಣ ಕೊಟ್ಟು ತಡೆಯಿತು. 2001ರಲ್ಲಿ ಒಪ್ಪಂದದ ವ್ಯಾಜ್ಯ ತೀರಿಸುವ ಪಂಚಾಯಿತಿ ಮಂಡಳಿ "ಅಮೆರಿಕ ಮಾತು ಮುರಿದಿದೆ" ಎಂದಿತು. 2004ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಲಾರಿ ಬಿಡುವುದಕ್ಕೆ ಅಡ್ಡಿಯಿಲ್ಲ ಎಂದಿತು. 2007ರಲ್ಲಿ ಕೆಲವು ಮೆಕ್ಸಿಕೋ ಲಾರಿಗಳನ್ನು ಒಳಗೆ ಬಿಟ್ಟು ನೋಡುವ ಪ್ರಯೋಗ ಶುರು. 2009ರಲ್ಲಿ ಸಂಸತ್ತು ದುಡ್ಡು ನಿಲ್ಲಿಸಿತು, ಪ್ರಯೋಗ ಬಂದ್. 2011ರಲ್ಲಿ ಮತ್ತೆ ಪ್ರಯೋಗ. ಅರ್ಜಿ ಹಾಕಲು ಎಲ್ಲ ಕಂಪನಿಗಳಿಗೂ ಬಾಗಿಲು ತೆರೆದದ್ದು 2015ರಲ್ಲಿ. ತಡೆ ಬಿದ್ದಾಗಿನಿಂದ ಲೆಕ್ಕ ಹಾಕಿದರೆ ಅಷ್ಟರಲ್ಲಿ ಮೂರನೇ ಅಧ್ಯಕ್ಷರು ಕುರ್ಚಿಯಲ್ಲಿದ್ದರು.

ನಮ್ಮ ಹಾಳೆಯೂ ಚೆನ್ನಾಗೇನೂ ಇಲ್ಲ. ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ಸೇರಿ ವಾಹನ ಒಪ್ಪಂದಕ್ಕೆ ಸಹಿ ಹಾಕಿದ್ದು 2015ರ ಜೂನ್ 15ರಂದು, ಥಿಂಫುವಿನಲ್ಲಿ. ಅದೇ ನವೆಂಬರ್‌ನಲ್ಲಿ ಕೋಲ್ಕತ್ತದಿಂದ ಢಾಕಾ ಮೇಲೆ ಅಗರ್ತಲಾಕ್ಕೆ ಒಂದು ಲಾರಿ ಪ್ರಯೋಗಕ್ಕೆಂದು ಹೋಗಿಯೂ ಬಂತು. ಭೂತಾನಿನ ಮೇಲ್ಮನೆ ಮಾತ್ರ ಒಪ್ಪಲಿಲ್ಲ. 8 ಲಕ್ಷವೂ ಇಲ್ಲದ ಜನ, ಕಿರಿದಾದ ಬೆಟ್ಟದ ರಸ್ತೆ. ಹೊರಗಿನ ಲಾರಿ ನುಗ್ಗಿದರೆ ನಮ್ಮ ಲಾರಿಯವರ ಗತಿಯೇನು, ಹೊಗೆಯ ಗತಿಯೇನು ಎಂದರು. ಆಮೇಲೆ ಭೂತಾನ್ "ನೀವು ಮೂವರು ಮುಂದುವರಿಯಿರಿ" ಎಂದಿತು. ಸಹಿಯಾಗಿ ಹತ್ತು ವರ್ಷವಾದರೂ ಸರಕಿನ ಲಾರಿಗಳು ಈ ಒಪ್ಪಂದದಡಿ ನಿತ್ಯ ಓಡಾಡುವ ಮಟ್ಟಕ್ಕೆ ಬಂದಿಲ್ಲ.

ಹಂತ 4: ಬ್ರೇಕಿನ ಮಾತನ್ನು ಬಾಡಿಗೆಯ ಮಾತಿನಿಂದ ಬಿಡಿಸಿ

ಸುರಕ್ಷತೆಯ ಪ್ರಶ್ನೆ ಸುಳ್ಳಲ್ಲ. ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪತ್ರ) ಆಗಿದೆಯೇ, ಟೈರ್ ಹೇಗಿದೆ, ಓವರ್‌ಲೋಡ್ ಇದೆಯೇ, ಡ್ರೈವರ್ ಎಷ್ಟು ಹೊತ್ತು ನಿದ್ದೆ ಮಾಡಿದ್ದಾನೆ, ಅಪಘಾತವಾದರೆ ವಿಮೆ ಯಾರದ್ದು? ಇವನ್ನು ಕೇಳಲೇಬೇಕು. ಆದರೆ ಇವಕ್ಕೆ ಉತ್ತರ ತಪಾಸಣೆಯಲ್ಲಿ ಸಿಗುತ್ತದೆ. ತಪಾಸಣೆಯಲ್ಲಿ ಪಾಸಾದ ಲಾರಿಯನ್ನೂ ಬೇಡ ಎನ್ನುವವರು ಸುರಕ್ಷತೆಯ ಮಾತಾಡುತ್ತಿಲ್ಲ ಎಂದೇ ಅರ್ಥ ಅಲ್ವಾ?

ಅಮೆರಿಕದ ಲಾರಿ ಡ್ರೈವರ್‌ಗಳ ದೊಡ್ಡ ಸಂಘ ಟೀಮ್‌ಸ್ಟರ್ಸ್ ಮೊದಲಿನಿಂದಲೂ ರಸ್ತೆಯ ಅಪಾಯವನ್ನು ಮುಂದಿಟ್ಟಿತು. ಸಂಬಳದ ಚಿಂತೆ ಅದರ ಹಿಂದೆಯೇ ಇತ್ತು. 2020ರಲ್ಲಿ ನಾಫ್ಟಾ ಜಾಗಕ್ಕೆ ಹೊಸ ಒಪ್ಪಂದ ಬಂದಾಗ ಮುಸುಕು ಸರಿಯಿತು. ಮೆಕ್ಸಿಕೋದ ದೂರ ಓಡುವ ಲಾರಿಗಳಿಂದ ಅಮೆರಿಕದ ಲಾರಿಯವರಿಗೆ ಗಣನೀಯ ನಷ್ಟವಾದರೆ ಅವಕಾಶ ಕಡಿತ ಮಾಡಬಹುದು ಎಂದು ಬರೆದುಕೊಂಡರು. ಅಲ್ಲಿ ಬ್ರೇಕಿನ ಮಾತಿಲ್ಲ, ನಷ್ಟದ ಮಾತು.

ಪೋಲೆಂಡ್‌ನವರು ಸುತ್ತಿ ಬಳಸಿ ಮಾತಾಡಲಿಲ್ಲ. ಯುದ್ಧ ಶುರುವಾದ ಮೇಲೆ, 2022ರಲ್ಲಿ ಯುರೋಪಿನ ಒಕ್ಕೂಟ ಉಕ್ರೇನ್ ಲಾರಿಗಳಿಗೆ ಪರ್ಮಿಟ್ ಬೇಡ ಎಂದಿತು. 2023ರ ನವೆಂಬರ್‌ನಲ್ಲಿ ಪೋಲೆಂಡಿನ ಲಾರಿ ಮಾಲೀಕರು ಗಡಿಯಲ್ಲಿ ದಾರಿ ಕಟ್ಟಿ ಕೂತರು. ಉಕ್ರೇನಿನವರು ಕಡಿಮೆ ದರಕ್ಕೆ ಬಾಡಿಗೆ ಕಿತ್ತುಕೊಳ್ಳುತ್ತಿದ್ದಾರೆ, ಪರ್ಮಿಟ್ ವಾಪಸ್ ತನ್ನಿ ಎಂದರು. ಜನವರಿವರೆಗೂ ಚಳಿಯಲ್ಲಿ ಲಾರಿಗಳ ಸಾಲು. ಯುದ್ಧದಲ್ಲಿರುವ ನೆರೆಯವರಿಗೆ ಹೀಗೆ ಮಾಡಬಾರದಿತ್ತು ಎಂದು ನನಗೂ ಅನಿಸುತ್ತದೆ. ಆದರೂ ತಮ್ಮ ಸಂಕಟ ಬಾಡಿಗೆಯದ್ದು ಎಂದು ನೇರ ಹೇಳಿದ್ದಕ್ಕೆ ಮಾತುಕತೆಗೆ ಒಂದು ತಲೆಬುಡ ಇತ್ತು.

ಹಂತ 5: ಡ್ರೈವರ್ ಯಾರು ಎಂದು ಕೇಳಿ

ಗಾಡಿ ಬೇರೆ, ಓಡಿಸುವವನು ಬೇರೆ. ಅಮೆರಿಕದಲ್ಲಿ ಈಗ ಬಿಸಿ ಏರಿರುವುದು ಡ್ರೈವರ್ ಮೇಲೆ. ಇಂಗ್ಲಿಷ್ ಬಾರದ ಡ್ರೈವರನ್ನು ತಪಾಸಣೆಯಲ್ಲಿ ಅಲ್ಲೇ ಸ್ಟಿಯರಿಂಗ್‌ನಿಂದ ಇಳಿಸುವ ಪದ್ಧತಿಯನ್ನು 2025ರ ಜೂನ್‌ನಿಂದ ಮತ್ತೆ ಜಾರಿಗೆ ತಂದರು. ಆಗಸ್ಟ್‌ನಲ್ಲಿ ವಿದೇಶಿ ಲಾರಿ ಡ್ರೈವರ್‌ಗಳಿಗೆ ಕೆಲಸದ ವೀಸಾ ಕೊಡುವುದನ್ನೂ ನಿಲ್ಲಿಸಿದರು. ಅಲ್ಲಿ ಲಾರಿ ಓಡಿಸುವ ಪಂಜಾಬಿಗಳು ಬಹಳ ಮಂದಿ ಇರುವುದರಿಂದ ನಮ್ಮಲ್ಲೂ ಇದು ಸುದ್ದಿಯಾಯಿತು. ಬೋರ್ಡ್ ಓದಲು ಬರಬೇಕು ಎನ್ನುವುದು ನ್ಯಾಯವೇ. ಆದರೆ ಇದೇ ಅಳತೆ ಹಿಡಿದರೆ ನೆಲಮಂಗಲ ದಾಟುವ ಹೊರರಾಜ್ಯದ ಡ್ರೈವರ್‌ಗಳಲ್ಲಿ ಎಷ್ಟು ಜನ ಉಳಿದಾರು!

ಹಂತ 6: ತಡೆದರೆ ದಂಡ ಕಟ್ಟುವವರು ಯಾರು ಎಂದು ಲೆಕ್ಕ ಹಾಕಿ

2009ರಲ್ಲಿ ಪ್ರಯೋಗ ನಿಂತಾಗ ಮೆಕ್ಸಿಕೋ ಸುಮ್ಮನಿರಲಿಲ್ಲ. ಸುಮಾರು 240 ಕೋಟಿ ಡಾಲರ್ ಮೌಲ್ಯದ ಅಮೆರಿಕದ ಸರಕಿನ ಮೇಲೆ ಸುಂಕ ಹಾಕಿತು. ಪಟ್ಟಿಯಲ್ಲಿ ದ್ರಾಕ್ಷಿ, ಈರುಳ್ಳಿ, ಕ್ರಿಸ್‌ಮಸ್ ಮರ, ಫ್ರೆಂಚ್ ಫ್ರೈ ಮಾಡುವ ಆಲೂಗಡ್ಡೆ ಎಲ್ಲ ಇದ್ದವು. ಲಾರಿ ಜಗಳಕ್ಕೂ ಆಲೂಗಡ್ಡೆ ಬೆಳೆಗಾರನಿಗೂ ಏನು ಸಂಬಂಧ? ಏನೂ ಇಲ್ಲ. ಏಟು ಬಿದ್ದದ್ದು ಅವನಿಗೇ. 2011ರಲ್ಲಿ ರಾಜಿಯಾದ ಮೇಲೆಯೇ ಸುಂಕ ಇಳಿದದ್ದು.

ಬಿಟ್ಟರೂ ಪೆಟ್ಟು ತಿನ್ನುವವರು ಇದ್ದಾರೆ, ಅದನ್ನು ಮರೆಮಾಚಬಾರದು. ಸಾಲ ಮಾಡಿ ಒಂದೇ ಲಾರಿ ಇಟ್ಟುಕೊಂಡವನಿಗೆ ತಿಂಗಳಿಗೆ ನಾಲ್ಕು ಲೋಡ್ ತಪ್ಪಿದರೆ ಕಂತು ಕಟ್ಟಲು ಆಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ದರ, ಟೋಲ್, ಗಡಿಯ ಆರ್‌ಟಿಒ ಚೆಕ್‌ಪೋಸ್ಟ್‌ಗಳ ವಿರುದ್ಧ ಕರ್ನಾಟಕದ ಲಾರಿ ಮಾಲೀಕರು ಮುಷ್ಕರ ಮಾಡಿದ್ದು ನೆನಪಿರಬಹುದು. ಅಷ್ಟು ಇಕ್ಕಟ್ಟಿನಲ್ಲಿ ಓಡುವ ಧಂದೆ ಇದು. ಗಡಿಯ ಹಮಾಲಿಗಳ ಕೂಲಿಯೂ ಈ ಲೆಕ್ಕದಲ್ಲಿ ಬರಬೇಕು. ಲಾರಿ ನೇರ ಢಾಕಾಕ್ಕೆ ಹೋದರೆ ಬೆನಾಪೋಲ್‌ನಲ್ಲಿ ಬಾಕ್ಸ್ ಎತ್ತುವವರಿಗೆ ಕೆಲಸ ಎಲ್ಲಿಂದ?

ಇದನ್ನೆಲ್ಲ ಜೋಡಿಸಿ ನಾನು ಪೆಟ್ರಾಪೋಲ್‌ಗೆ ಹಾಕುವ ತೀರ್ಪು ಇಷ್ಟು: ತಪಾಸಣೆಯಲ್ಲಿ ಪಾಸಾದ ಗಾಡಿ ಎರಡೂ ಕಡೆ ದಾಟಲಿ. ರಿಟರ್ನ್ ಲೋಡ್ ಹಿಡಿಯುವ ಹಕ್ಕು ಇಬ್ಬರಿಗೂ ಇರಲಿ. ಒಳಬಾಡಿಗೆ ಸದ್ಯಕ್ಕೆ ಬೇಡ. ರಿಟರ್ನ್ ಲೋಡ್ ಕೊಡದೆ ದಾಟಲು ಮಾತ್ರ ಬಿಟ್ಟರೆ ಹೋಗುವ ಬಾಡಿಗೆಯಲ್ಲೇ ಬರುವ ಡೀಸೆಲ್ಲೂ ಸೇರುತ್ತದೆ. ಆಗ ಗಾಡಿ ಬದಲಿಸುವ ಈಗಿನ ಪದ್ಧತಿಯೇ ಅಗ್ಗ ಎಂದು ವ್ಯಾಪಾರಿ ಮತ್ತೆ ಬೆನಾಪೋಲ್‌ನಲ್ಲೇ ಸರಕು ಇಳಿಸುತ್ತಾನೆ.