ಅಣೆಕಟ್ಟೆಯ ಕೆಳಗಿನ ಹೊಳೆಗೆ ನೀರು ಕೇಳುವುದು ಹೇಗೆ?

ಅಣೆಕಟ್ಟು ತುಂಬಿತು ಎಂದರೆ ಎಲ್ಲರಿಗೂ ಖುಷಿ. ಆದರೆ ಅದರ ಕೆಳಗೆ ಒಂದೆರಡು ಕಿಲೋಮೀಟರ್ ನಡೆದು ನೋಡಿ. ಎಷ್ಟೋ ಕಡೆ ಬರೀ ಬಂಡೆ, ಪಾಚಿ, ಮಡುವಿನಲ್ಲಿ ಸಿಕ್ಕಿಕೊಂಡ ಮೀನು. ಊರಿನವರು ‘ಹೊಳೆಗೆ ನೀರು ಬಿಡಿ’ ಎಂದು ಮನವಿ ಕೊಡುತ್ತಾರೆ. ‘ಬಿಡ್ತಾ ಇದ್ದೇವಲ್ಲ’ ಎಂಬ ಉತ್ತರ ಬರುತ್ತದೆ. ಮಾತು ಅಲ್ಲಿಗೇ ನಿಲ್ಲಬಾರದು ಎಂದರೆ ಮನವಿಯಲ್ಲಿ ಮೂರು ಸಂಗತಿ ಇರಲೇಬೇಕು: ಎಷ್ಟು ನೀರು, ಯಾವಾಗ, ಎಲ್ಲಿ ಅಳೆಯುವುದು.

ಮೊದಲು ಕಾಗದ ಹುಡುಕಿ

ಅಣೆಕಟ್ಟೆಗೆ ಅನುಮತಿ ಕೊಟ್ಟಾಗಿನ ಷರತ್ತು, ನೀರು ಬಿಡುವ ನಿಯಮ, ಹಿಂದಿನ ಹತ್ತು ವರ್ಷದ ದಿನದ ಲೆಕ್ಕ, ಇಷ್ಟನ್ನು ಲಿಖಿತವಾಗಿ ಕೇಳಿ. ಹೊಳೆಗೆ ಕನಿಷ್ಠ ಇಷ್ಟು ನೀರು ಬಿಡಬೇಕು ಎಂಬ ಷರತ್ತು ಅದರಲ್ಲೇ ಇರಬಹುದು.

‘ಹೊರಹರಿವು’ ಎಂಬ ಪದದ ಬಗ್ಗೆ ಎಚ್ಚರ. ನಾಲೆಗೆ ಹೋದ ನೀರೂ ಅದರಲ್ಲಿ ಸೇರಿರಬಹುದು. ನದಿಗೆಷ್ಟು, ನಾಲೆಗೆಷ್ಟು ಎಂದು ಬಿಡಿಸಿ ಕೇಳಿ. ವಿದ್ಯುತ್‌ಗಾಗಿ ಸುರಂಗದಲ್ಲಿ ಹೋಗುವ ನೀರು ಎಷ್ಟೋ ದೂರ ಹೋಗಿ ಮತ್ತೆ ನದಿ ಸೇರುತ್ತದೆ. ನಡುವಿನ ಭಾಗ ಒಣಗಿದ್ದರೂ ಪುಸ್ತಕದಲ್ಲಿ ನೀರು ಬಿಟ್ಟ ಲೆಕ್ಕವೇ ಇರುತ್ತದೆ.

ಇನ್ನೊಂದು, ದಿನದ ಸರಾಸರಿಯನ್ನು ನಂಬಬೇಡಿ. ಸಂಜೆ ಕರೆಂಟ್‌ಗೆ ಬೇಡಿಕೆ ಜಾಸ್ತಿ. ಆಗ ನಾಲ್ಕು ಗಂಟೆ 600 ಕ್ಯೂಸೆಕ್ (ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು) ಬಿಟ್ಟು, ಉಳಿದ ಇಪ್ಪತ್ತು ಗಂಟೆ ಏನೂ ಬಿಡದಿದ್ದರೂ ಸರಾಸರಿ 100 ಕ್ಯೂಸೆಕ್ ಬರುತ್ತದೆ. ಆ ಇಪ್ಪತ್ತು ಗಂಟೆಯಲ್ಲಿ ದಡದ ಮೀನಿನ ಮೊಟ್ಟೆ ಒಣಗಿ ಹೋಗುತ್ತವೆ. ಅದಕ್ಕೇ ಗಂಟೆಗಂಟೆಯ ಲೆಕ್ಕ ಕೇಳಬೇಕು.

ನೀವೇ ಅಳೆಯಿರಿ

ಇದು ಕಷ್ಟವಲ್ಲ. ಹೊಳೆ ನೇರವಾಗಿ ಹರಿಯುವ, ಮೊಣಕಾಲಿಗಿಂತ ಆಳವಿಲ್ಲದ ಜಾಗದಲ್ಲಿ ದಡದ ಮೇಲೆ 10 ಮೀಟರ್ ಗುರುತು ಮಾಡಿ. ಒಂದು ಕಿತ್ತಳೆ ಹಣ್ಣು ತೇಲಿಬಿಟ್ಟು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯಿರಿ. 25 ಸೆಕೆಂಡ್ ಎಂದರೆ ವೇಗ ಸೆಕೆಂಡಿಗೆ 0.4 ಮೀಟರ್. ಅಗಲ 10 ಮೀಟರ್, ಸರಾಸರಿ ಆಳ 0.4 ಮೀಟರ್ ಇದ್ದರೆ, ಮೂರನ್ನೂ ಗುಣಿಸಿದಾಗ 1.6 ಬರುತ್ತದೆ. ಮೇಲಿನ ನೀರಿಗಿಂತ ತಳದ ನೀರು ನಿಧಾನ, ಅಲ್ವಾ? ಅದಕ್ಕಾಗಿ 0.85ರಿಂದ ಗುಣಿಸಿ. ಸೆಕೆಂಡಿಗೆ 1.36 ಘನ ಮೀಟರ್, ಅಂದರೆ ಸುಮಾರು 48 ಕ್ಯೂಸೆಕ್.

ಗೇಟ್ ಯಾವಾಗ ತೆರೆಯುತ್ತಾರೆ ಎಂದು ಖಚಿತವಾಗಿ ತಿಳಿಯದೆ ಮಾತ್ರ ನೀರಿಗೆ ಇಳಿಯಲೇಬೇಡಿ. ನಿಮಿಷಗಳಲ್ಲಿ ನೀರು ಏರಿಬಿಡುತ್ತದೆ. ಅನುಮಾನವಿದ್ದರೆ ದಡದಿಂದ ದಿನಾಲೂ ಅದೇ ಹೊತ್ತಿಗೆ, ಅದೇ ಬಂಡೆಯ ಫೋಟೊ ತೆಗೆಯಿರಿ. ಅಷ್ಟೂ ಸಾಕ್ಷಿಯೇ.

ಎಷ್ಟು ಕೇಳಬೇಕು?

ಅಮೆರಿಕದ ಟೆನ್ನಂಟ್ ಎಂಬ ತಜ್ಞರು 1976ರಲ್ಲಿ ಒಂದು ಸುಲಭ ಅಳತೆ ಕೊಟ್ಟರು. ವರ್ಷದ ಸರಾಸರಿ ಹರಿವಿನ 10 ಶೇಕಡಾ ಇದ್ದರೆ ಜಲಚರಗಳು ಸ್ವಲ್ಪ ಕಾಲ ಹೇಗೋ ಜೀವ ಹಿಡಿದಿರುತ್ತವೆ. 30 ಶೇಕಡಾ ಇದ್ದರೆ ಚೆನ್ನಾಗಿ ಬದುಕುತ್ತವೆ. ಇದು ಮಾತು ಶುರುಮಾಡಲು ಸಾಕು, ಮುಗಿಸಲು ಸಾಲದು. ನದಿಗೆ ವರ್ಷವಿಡೀ ಒಂದೇ ಅಳತೆ ಇರುವುದಿಲ್ಲ. ಮೀನು ಮೊಟ್ಟೆಯಿಡಲು ಮೇಲಕ್ಕೆ ಹತ್ತುವ ಕಾಲಕ್ಕೆ ಒಂದು ಸಣ್ಣ ನೆರೆ ಬೇಕು. ಯಾವ ಮೀನು ಯಾವ ತಿಂಗಳಲ್ಲಿ ಹತ್ತುತ್ತದೆ ಎಂದು ಬಲೆ ಹಾಕುವವರನ್ನು ಕೇಳಿ ಬರೆದುಕೊಳ್ಳಿ. ನನ್ನ ಪ್ರಕಾರ ಇಡೀ ಮನವಿಯಲ್ಲಿ ಇದೇ ಅತಿ ಮುಖ್ಯ ಪುಟ.

ನಾಲೆಯ ರೈತರನ್ನು ಬಿಡಬೇಡಿ

ಅವರಿಗೆ ಹೇಳದೆ ಸುಮ್ನೆ ಅರ್ಜಿ ಹಾಕಿದರೆ ಅವರು ಎದುರು ನಿಲ್ಲುತ್ತಾರೆ. ಅವರ ಭಯವೂ ನಿಜವೇ. ಬರದ ವರ್ಷ ಏನು ಮಾಡುವುದು ಎಂಬುದನ್ನು ಮೊದಲೇ ಮಾತಾಡಿ.

ಕ್ಯಾಲಿಫೋರ್ನಿಯಾದ ಪ್ಯೂಟಾ ಹಳ್ಳದ ಕಥೆ ಇಲ್ಲಿ ನೆನಪಾಗುತ್ತದೆ. 1957ರಲ್ಲಿ ಅದರ ಮೇಲೆ ಮಾಂಟಿಸೆಲ್ಲೊ ಅಣೆಕಟ್ಟು ಮುಗಿಯಿತು. 1980ರ ದಶಕದ ಕೊನೆಯ ಬರದಲ್ಲಿ ಕೆಳಗಿನ ಹಳ್ಳ ಒಣಗಿತು. ಜನರೇ ಕಟ್ಟಿಕೊಂಡ ಸಂಘ 1990ರಲ್ಲಿ ಕೋರ್ಟಿಗೆ ಹೋಯಿತು. ಡೇವಿಸ್ ನಗರವೂ ಅಲ್ಲಿನ ವಿಶ್ವವಿದ್ಯಾಲಯವೂ ಜೊತೆಯಾದವು. 1996ರಲ್ಲಿ ಹೆಚ್ಚು ನೀರು ಬಿಡಲು ನ್ಯಾಯಾಧೀಶರು ಹೇಳಿದರು. ಆದರೂ ಕೊನೆಗೆ ಬಗೆಹರಿದದ್ದು 2000ದಲ್ಲಿ, ಹಳ್ಳದ ಪರ ಇದ್ದವರೂ ಅಣೆಕಟ್ಟೆಯ ನೀರು ಬಳಸುವವರೂ ಕೂತು ಒಪ್ಪಂದ ಮಾಡಿಕೊಂಡಾಗ. ಸಾಲ್ಮನ್ ಮೀನು ಬರುವ ಕಾಲಕ್ಕೆ ಹೆಚ್ಚು ನೀರು, ವಸಂತದಲ್ಲಿ ಇನ್ನೊಮ್ಮೆ, ಬರದ ವರ್ಷಕ್ಕೆ ಬೇರೆಯೇ ಲೆಕ್ಕ. ಸ್ಥಳೀಯ ಮೀನುಗಳು ಮತ್ತೆ ಹೆಚ್ಚಿದವು, ಸಾಲ್ಮನ್ ಮರಳಿ ಬಂದವು.

ಬರೆಸಿಕೊಳ್ಳಿ, ಆಮೇಲೂ ಅಳೆಯಿರಿ

ಬಾಯಿಮಾತಿನ ಭರವಸೆ ಅಧಿಕಾರಿ ವರ್ಗವಾದ ಕೂಡಲೇ ಹೋಗುತ್ತದೆ. ತಿಂಗಳುವಾರು ಪ್ರಮಾಣ, ಯಾವ ಗಂಟೆಯಲ್ಲೂ ಇಳಿಯಬಾರದ ಮಿತಿ, ಅಳೆಯುವ ಜಾಗ, ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಇಡುವ ಷರತ್ತು, ಇವೆಲ್ಲ ಆದೇಶದಲ್ಲೇ ಇರಲಿ. ಅಳೆಯುವ ಜಾಗ ಗೇಟಿನ ಬುಡದಲ್ಲಿ ಮಾತ್ರ ಬೇಡ, ಕೆಳಗೆ ದೂರದಲ್ಲೂ ಒಂದು ಇರಲಿ. ಪ್ಯೂಟಾದಲ್ಲಿ ಹಳ್ಳವನ್ನು ನೋಡಿಕೊಳ್ಳಲೆಂದೇ ಒಬ್ಬರನ್ನು ನೇಮಿಸಿದರು. ನಿಮ್ಮಲ್ಲಿ ಅಂಥವರು ಬರುವವರೆಗೆ ವಾರಕ್ಕೊಬ್ಬರಂತೆ ಸರದಿ ಹಾಕಿಕೊಂಡು ಆ ಬಂಡೆಯ ಫೋಟೊ ತೆಗೆಯುತ್ತಿರಿ.