ಎರಡು ಕಂಬಗಳ ನಡುವೆ ನನ್ನ ಕಾರಿನ ಕೆಲಸ

ಎಡಗಡೆ ಕ್ಯಾಲಿಪರಿನ ಕೆಳಗಿನ ಪಿನ್ ಬಿಗಿಯಾಗಿ ಹಿಡಿದುಕೊಂಡಿತ್ತು. ಕ್ಯಾಲಿಪರ್ ಅಂದರೆ ಬ್ರೇಕ್ ಪ್ಯಾಡುಗಳನ್ನು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಒತ್ತುವ ಭಾಗ. ಭಾನುವಾರ ಸಂಜೆ ಐದು ಗಂಟೆ. ಮುಂದಿನ ಎಡ ಚಕ್ರ ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದೆ. ಕಾರು ಸ್ಟ್ಯಾಂಡಿನ ಮೇಲಿತ್ತು. ಹಳೇ ಬ್ರೇಕ್ ಪ್ಯಾಡುಗಳು ಆಗಲೇ ಹೊರಗೆ ಬಂದಿದ್ದವು. ಹೊಸ ಪ್ಯಾಡ್ ಹಾಕಬೇಕಾದರೆ ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಸಲೀಸಾಗಿ ಜಾರಬೇಕಲ್ವಾ? ಅದು ಅಲ್ಲಾಡುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಪಾರ್ಕಿಂಗಿನವರು ಕಾರು ತೆಗೆಯಲು ಬಂದರು. ನನ್ನ ಚಕ್ರ ಮತ್ತು ಟೂಲ್ ಬಾಕ್ಸ್ ಅವರ ಗೆರೆಯ ಒಳಗೆ ಹೋಗಿದ್ದವು. "ಏನ್ರೀ, ಇದು ಇವತ್ತೇ ಮುಗಿಯುತ್ತಾ?" ಅಂತ ಕೇಳಿದರು. ಅವರ ದನಿಯಲ್ಲಿ ಕೋಪ ಇರಲಿಲ್ಲ. ಆದರೆ ನನಗೆ ಉತ್ತರ ಗೊತ್ತಿರಲಿಲ್ಲ.

ಅವತ್ತಿನಿಂದ ನಾನು ಕಾರಿನ ಕೆಲಸ ಮಾಡುವ ರೀತಿಯೇ ಬದಲಾಯಿತು. ಸ್ವಂತ ಶೆಡ್ ಇದ್ದವರು ಕಾರನ್ನು ಅರ್ಧ ಬಿಚ್ಚಿ ಒಂದು ವಾರ ಬಿಡಬಹುದು. ಅಪಾರ್ಟ್‌ಮೆಂಟಿನಲ್ಲಿ ಹಾಗಾಗುವುದಿಲ್ಲ. ನಮ್ಮ ಹೆಸರಿನಲ್ಲಿ ಎರಡು ಕಂಬಗಳ ನಡುವೆ ಒಂದು ಕಾರಿನಷ್ಟು ಜಾಗ ಇರುತ್ತದೆ, ಅಷ್ಟೇ. ನೀರಿನ ಪೈಪ್ ಸರಿ ಮಾಡುವವರು ಬಂದರೂ, ನೆಲ ತೊಳೆಯುವ ದಿನ ಬಂದರೂ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದರೂ ಕಾರು ಅಲ್ಲಿಂದ ಹೊರಡಬೇಕು. ಹಾಗಾಗಿ ನಾನೊಂದು ನಿಯಮ ಮಾಡಿಕೊಂಡೆ: ಕೆಲಸ ಯಾವ ಹಂತದಲ್ಲೇ ಇರಲಿ, ಒಂದು ಗಂಟೆಯೊಳಗೆ ಕಾರು ನಾಲ್ಕು ಚಕ್ರದ ಮೇಲೆ ನಿಂತು ಹೊರಡುವಂತಿರಬೇಕು. ಈ ನಿಯಮಕ್ಕೆ ಒಗ್ಗದ ಕೆಲಸವನ್ನು ಬೇಸ್‌ಮೆಂಟಿನಲ್ಲಿ ಶುರು ಮಾಡುವುದೇ ಇಲ್ಲ.

ಅವತ್ತಿನ ಪಿನ್ನಿನ ವಿಷಯ ಪೂರ್ತಿ ಹೇಳುತ್ತೇನೆ, ಬ್ರೇಕ್ ಕೆಲಸಕ್ಕೆ ಇಳಿಯುವವರಿಗೆ ಇದು ಖಂಡಿತ ಎದುರಾಗುತ್ತದೆ. ಮೊದಲು ನಾನು ಮಾಡಿದ ತಪ್ಪು ಎಂದರೆ ಪಿನ್ನನ್ನು ನೇರವಾಗಿ ಎಳೆಯಲು ಹೋಗಿದ್ದು. ಎಳೆದಷ್ಟೂ ಅದು ಬರುವುದಿಲ್ಲ. ಪಿನ್ನಿನ ಮೇಲಿನ ರಬ್ಬರ್ ಮುಸುಕು (ಬೂಟ್) ಸರಿಸಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟೆ. ಆಮೇಲೆ ಪಿನ್ನಿನ ತಲೆಗೆ ಸ್ಪ್ಯಾನರ್ ಹಾಕಿ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿಸಿದೆ. ಮೊದಲು ಕೂದಲೆಳೆಯಷ್ಟು ಆಡಿತು, ಆಮೇಲೆ ಕಾಲು ಸುತ್ತು. ಹೀಗೇ ಇಪ್ಪತ್ತು ನಿಮಿಷ ಆದ ಮೇಲೆ ತಿರುಗಿಸುತ್ತಲೇ ಹೊರಗೆ ತಂದೆ. ಒಳಗೆ ಹಳೇ ಗ್ರೀಸ್ ಒಣಗಿ ಕಲ್ಲಿನಂತಾಗಿತ್ತು. ತೂತು ಮತ್ತು ಪಿನ್ ಎರಡನ್ನೂ ಬ್ರೇಕ್ ಕ್ಲೀನರ್‌ನಿಂದ ತೊಳೆದು, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿದೆ. ಇಲ್ಲಿ ಮಾಮೂಲಿ ಗ್ರೀಸ್ ಹಚ್ಚಬಾರದು. ಅದು ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ, ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ.

ಹಳೇ ಪ್ಯಾಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಆ ಪಿನ್ ಏನು ಮಾಡಿದೆ ಅಂತ ಕಣ್ಣಿಗೇ ಕಂಡಿತು. ಪ್ಯಾಡನ್ನು ಒತ್ತುವ ಪಿಸ್ಟನ್ ಕಡೆಯ ಒಳಗಿನ ಪ್ಯಾಡ್ 3 ಮಿ.ಮೀ.ಗೆ ಇಳಿದಿತ್ತು. ಹೊರಗಿನದು ಇನ್ನೂ 6 ಮಿ.ಮೀ. ದಪ್ಪ ಇತ್ತು. ಕ್ಯಾಲಿಪರ್ ಜಾರದಿದ್ದರೆ ಒಳಗಿನ ಪ್ಯಾಡ್ ಒಂದೇ ಎಲ್ಲ ಭಾರ ಹೊರುತ್ತದೆ. ಚಕ್ರದ ಸಂದಿಯಿಂದ ಇಣುಕಿ ನೋಡಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಅದು ದಪ್ಪ ಇದೆ ಅಂತ ಸುಮ್ನೆ ಇದ್ದಿದ್ದರೆ ಒಳಗಿನದು ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು.

ಎರಡೂ ಕಡೆ ಮುಗಿದು ಚಕ್ರ ಹಾಕುವಾಗ ರಾತ್ರಿ ಎಂಟೂವರೆ. ಒಂದು ವೇಳೆ ಪಿನ್ ಬರದೇ ಇದ್ದಿದ್ದರೆ? ಹಳೇ ಪ್ಯಾಡುಗಳನ್ನೇ ವಾಪಸ್ ಹಾಕಿ ಚಕ್ರ ಬಿಗಿದು, ನಿಧಾನವಾಗಿ ಗ್ಯಾರೇಜಿಗೆ ಓಡಿಸಬಹುದಿತ್ತು. ಆದರೆ ಆ ದಾರಿ ಇದೆ ಅಂತ ನನಗೆ ಹೊಳೆದಿದ್ದು ಎಲ್ಲ ಮುಗಿದ ಮೇಲೆ. ಈಗ ಹೊಸ ಭಾಗ ಕೂತು, ಕಾರು ಓಡಿಸಿ ನೋಡುವವರೆಗೆ ಹಳೆಯದನ್ನು ಎಸೆಯುವುದಿಲ್ಲ. ಒಂದು ಕಡೆ ಪೂರ್ತಿ ಮುಗಿಯದೆ ಇನ್ನೊಂದು ಕಡೆ ಬಿಚ್ಚುವುದೂ ಇಲ್ಲ. ಯಾವ ಕ್ಲಿಪ್ ಯಾವ ಕಡೆ ಮುಖ ಮಾಡಿತ್ತು ಅಂತ ಅನುಮಾನ ಬಂದರೆ, ಬಿಚ್ಚದೇ ಇರುವ ಕಡೆ ಹೋಗಿ ನೋಡಿಕೊಳ್ಳಬಹುದು.

ಇನ್ನೊಂದು ಅಭ್ಯಾಸ ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದೆ. ದೊಡ್ಡ ಕೆಲಸಕ್ಕೆ ಮೂರು ನಾಲ್ಕು ದಿನ ಮುಂಚೆ ಒಂದು ಸಂಜೆ ಇಳಿದು, ಬಿಚ್ಚಬೇಕಾದ ಒಂದೊಂದೇ ಬೋಲ್ಟನ್ನು ಸಡಿಲಿಸಿ ಮತ್ತೆ ಸರಿಯಾಗಿ ಬಿಗಿಯುತ್ತೇನೆ. ಯಾವುದು ತುಕ್ಕು ಹಿಡಿದಿದೆ, ಯಾವುದಕ್ಕೆ ಉದ್ದನೆಯ ಸ್ಪ್ಯಾನರ್ ಬೇಕು, ಯಾವುದರ ತಲೆ ಸವೆದಿದೆ, ಎಲ್ಲ ಅವತ್ತೇ ಗೊತ್ತಾಗುತ್ತದೆ. ಗಟ್ಟಿಯಾಗಿರುವ ಬೋಲ್ಟಿಗೆ ಸ್ಪ್ರೇ ಹೊಡೆದು ಬಂದರೆ ಅದಕ್ಕೆ ನೆನೆಯಲು ಸಮಯವೂ ಸಿಗುತ್ತದೆ. ಸ್ಪ್ರೇ ಡಿಸ್ಕಿನ ಮೇಲೆ ಮಾತ್ರ ಬೀಳಬಾರದು. ಬೇಕಾದ ವಾಷರ್, ಕ್ಲಿಪ್, ಸೀಲ್ ಎಲ್ಲ ಕೈಗೆ ಬಂದ ಮೇಲೆಯೇ ಕೆಲಸದ ದಿನ ಗೊತ್ತು ಮಾಡುತ್ತೇನೆ.

ಇದಕ್ಕೆಲ್ಲ ಮುಂಚೆ ಜನರೊಡನೆ ಮಾತಾಡಬೇಕು. ಕಟ್ಟಡದ ನಿಯಮದಲ್ಲಿ ರಿಪೇರಿ ಮಾಡಲೇಬಾರದು ಅಂತಿದ್ದರೆ ಬೇರೆ ಜಾಗ ಹುಡುಕಬೇಕು. ಕದ್ದುಮುಚ್ಚಿ ಮಾಡುವ ಕೆಲಸದಲ್ಲಿ ಕೈ ಅವಸರ ಪಡುತ್ತದೆ. ನಮ್ಮ ನಿವಾಸಿಗಳ ಸಂಘಕ್ಕೆ ನಾನು ಒಂದು ಪುಟದ ಪತ್ರ ಕೊಟ್ಟೆ. ಏನು ಮಾಡುತ್ತೇನೆ ಅನ್ನುವುದಕ್ಕಿಂತ ಏನು ಮಾಡುವುದಿಲ್ಲ ಅಂತ ಬರೆದೆ: ಒಳಗೆ ಇಂಜಿನ್ ಓಡಿಸಿಕೊಂಡು ನಿಲ್ಲುವುದಿಲ್ಲ, ಪೇಂಟ್ ಹೊಡೆಯುವುದಿಲ್ಲ, ಕಿಡಿ ಹಾರುವ ಕೆಲಸ ಮಾಡುವುದಿಲ್ಲ, ಪೆಟ್ರೋಲ್ ಪೈಪ್ ಬಿಚ್ಚುವುದಿಲ್ಲ, ನೆಲಕ್ಕೆ ಆಯಿಲ್ ಬೀಳಿಸುವುದಿಲ್ಲ. ಇದನ್ನು ಒಪ್ಪಿಗೆಗೋಸ್ಕರ ಬರೆದದ್ದಲ್ಲ. ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಜಾಗದಲ್ಲಿ ಅದು ಜೀವ ತೆಗೆಯುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೇಸ್‌ಮೆಂಟಿನ ನೆಲದಲ್ಲೇ ಹರಡಿ ನಿಲ್ಲುತ್ತದೆ. ಮೇಲೆ ಎಷ್ಟೋ ಮನೆಗಳಿವೆ, ಅಲ್ಲಿ ಮಕ್ಕಳು ಮಲಗಿರುತ್ತಾರೆ.

ಕಾರು ಎತ್ತುವ ಮುಂಚೆ ನೆಲ ನೋಡಬೇಕು. ಪಾರ್ಕಿಂಗ್ ನೆಲ ಸಮ ಇದೆ ಅನ್ನಿಸುತ್ತದೆ, ಆದರೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ತುಂಬಿದ ನೀರಿನ ಬಾಟಲಿಯನ್ನು ಅಡ್ಡ ಮಲಗಿಸಿದರೆ ಸಾಕು, ಅದು ಯಾವ ಕಡೆ ಉರುಳುತ್ತದೋ ಆ ಕಡೆ ಕಾರೂ ಜಾರಲು ನೋಡುತ್ತದೆ. ನನ್ನ ಜಾಗದಲ್ಲಿ ಬಾಟಲಿ ಗೋಡೆ ಕಡೆ ನಿಧಾನವಾಗಿ ಉರುಳುತ್ತಿತ್ತು. ಅದಕ್ಕೇ ಸಂಘದವರನ್ನು ಕೇಳಿ, ಅತಿಥಿಗಳ ಪಾರ್ಕಿಂಗಿನಲ್ಲಿ ಸಮವಾಗಿರುವ ಮೂಲೆಯೊಂದನ್ನು ಕಾರು ಎತ್ತುವ ಕೆಲಸಕ್ಕೆ ಬಳಸುತ್ತೇನೆ. ಎತ್ತದ ಚಕ್ರಗಳಿಗೆ ಎರಡೂ ಕಡೆ ಉರುಳದಂತೆ ತಡೆಯುವ ಕಟ್ಟೆ ಕೊಡುತ್ತೇನೆ. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ. ಹಿಂಭಾಗ ಎತ್ತಿದಾಗ ಅದು ಕೆಲಸಕ್ಕೆ ಬರುವುದಿಲ್ಲ, ಆಗ ಮುಂದಿನ ಚಕ್ರದ ಕಟ್ಟೆಯೇ ಆಧಾರ.

ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಿಸುವುದಕ್ಕೆ ಮಾತ್ರ. ಅದರ ನಂಬಿಕೆಯ ಮೇಲೆ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಜಾಕಿನಿಂದ ಎತ್ತಿ, ಮ್ಯಾನುಯಲ್ ತೋರಿಸುವ ಜಾಗಕ್ಕೇ ಜಾಕ್ ಸ್ಟ್ಯಾಂಡ್ ಕೊಟ್ಟು, ಕಾರನ್ನು ಅದರ ಮೇಲೆ ಇಳಿಸಿ ಎರಡೂ ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡುತ್ತೇನೆ. ಬೀಳುವುದಿದ್ದರೆ ನಾನು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನೂ ಕಾರಿನ ಅಂಚಿನ ಕೆಳಗೆ ಮಲಗಿಸುತ್ತೇನೆ. ಸ್ಟ್ಯಾಂಡ್ ಕೈಕೊಟ್ಟರೂ ಆ ಚಕ್ರದ ದಪ್ಪದಷ್ಟು ಜಾಗ ಉಳಿಯುತ್ತದೆ. ಚಕ್ರ ಪಕ್ಕದವರ ಗೆರೆ ದಾಟುವ ತೊಂದರೆಯೂ ತಪ್ಪುತ್ತದೆ.

ಇಂಜಿನ್ ಆಯಿಲ್ ಬದಲಾಯಿಸುವುದು ಸುಲಭದ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅದೇ. ಮೊದಲ ಸಲ ಟ್ರೇ ಇಟ್ಟು, ಡ್ರೈನ್ ಬೋಲ್ಟ್ ಬಿಚ್ಚಿ, ಒಂದು ಹನಿಯೂ ಚೆಲ್ಲದೆ ಕೆಲಸ ಮುಗಿಸಿದ್ದೆ. ಬೆಳಗ್ಗೆ ಹೋಗಿ ನೋಡಿದರೆ ಕಾರಿನ ಕೆಳಗೆ ಅಂಗೈ ಅಗಲದ ಕಲೆ. ಡ್ರೈನ್ ಬೋಲ್ಟಿನಲ್ಲಿ ಸೋರಿಕೆ ಇರಲಿಲ್ಲ. ಫಿಲ್ಟರ್ ತಿರುಗಿಸಿದಾಗ ಅದರಿಂದ ಇಳಿದ ಆಯಿಲ್ ಇಂಜಿನ್ ಕೆಳಗಿನ ಅಡ್ಡ ಕಂಬಿಯ ಮೇಲೆ ನಿಂತು, ರಾತ್ರಿಯಿಡೀ ಹನಿಹನಿಯಾಗಿ ಬಿದ್ದಿತ್ತು. ಮರದ ಹೊಟ್ಟು ಸುರಿದು ಕಾಲಿನಿಂದ ತಿಕ್ಕಿ, ಗುಡಿಸಿ, ಸೋಪಿನ ಪುಡಿ ಹಾಕಿ ಬ್ರಷ್‌ನಿಂದ ಉಜ್ಜಿದೆ. ತೊಳೆದ ನೀರು ಮೋರಿಗೆ ಹೋಗದಂತೆ ಬಟ್ಟೆಯಲ್ಲೇ ಹೀರಿ ತೆಗೆದೆ. ಕಲೆ ಮಾಸಿತು, ಪೂರ್ತಿ ಹೋಗಲಿಲ್ಲ.

ಆಮೇಲೆ ಕ್ರಮ ಬದಲಾಯಿಸಿದೆ. ಆಯಿಲ್ ಮಟ್ಟ ನೋಡುವ ಕಡ್ಡಿಯ (ಡಿಪ್‌ಸ್ಟಿಕ್) ತೂತಿನಿಂದ ತೆಳು ಟ್ಯೂಬ್ ಇಳಿಸಿ ಆಯಿಲ್ ಎಳೆಯುವ ಕೈ ಪಂಪ್ ಕೊಂಡೆ. ಸ್ವಲ್ಪ ದೂರ ಓಡಿಸಿ ಬಂದು, ಆಯಿಲ್ ಬೆಚ್ಚಗಿರುವಾಗ ಎಳೆದರೆ ಸಲೀಸಾಗಿ ಬರುತ್ತದೆ. ಕಾರು ಎತ್ತುವುದೇ ಬೇಕಿಲ್ಲ. ಎಲ್ಲ ಕಾರಿನಲ್ಲೂ ಟ್ಯೂಬ್ ತಳದವರೆಗೆ ಹೋಗುವುದಿಲ್ಲ. ಅದಕ್ಕೇ ಮೊದಲ ಸಲ ಪಂಪಿನಿಂದ ಎಳೆದ ಮೇಲೆ ಡ್ರೈನ್ ಬೋಲ್ಟನ್ನೂ ಬಿಚ್ಚಿ ಎಷ್ಟು ಉಳಿದಿದೆ ಅಂತ ನೋಡಿದೆ. ನನ್ನದರಲ್ಲಿ ಒಂದೆರಡು ಚಮಚ ಮಾತ್ರ ಇತ್ತು. ಫಿಲ್ಟರ್ ನನಗೆ ಮೇಲಿನಿಂದಲೇ ಕೈಗೆ ಸಿಗುತ್ತದೆ. ಅದನ್ನು ತಿರುಗಿಸುವ ಮುಂಚೆ ದಪ್ಪ ಪ್ಲಾಸ್ಟಿಕ್ ಚೀಲ ಸುತ್ತಿ, ಕೆಳಗಿನ ಕಂಬಿಯ ಮೇಲೆ ಹಳೇ ಬಟ್ಟೆ ತುರುಕುತ್ತೇನೆ. ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಕೈಯಿಂದಲೇ ಸುಮಾರು ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು. ಕೆಲಸ ಮುಗಿದ ಮೇಲೂ ಎರಡು ದಿನ ಕಾರಿನ ಕೆಳಗೆ ರಟ್ಟು ಹಾಸಿರುತ್ತೇನೆ. ಸೋರುತ್ತಿದ್ದರೆ ಎಲ್ಲಿಂದ ಅನ್ನುವುದನ್ನೂ ಆ ರಟ್ಟೇ ಹೇಳುತ್ತದೆ. ಹಳೇ ಆಯಿಲನ್ನು ಹೊಸದರ ಖಾಲಿ ಡಬ್ಬಕ್ಕೇ ತುಂಬಿ, ಅದನ್ನು ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡುತ್ತೇನೆ. ಇಂಜಿನ್ ತಂಪು ಮಾಡುವ ದ್ರವ, ಅಂದರೆ ಕೂಲಂಟ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದು ಸಿಹಿ ಇರುತ್ತದೆ, ಬೆಕ್ಕು ನಾಯಿ ನೆಕ್ಕಿದರೆ ಸಾಯಬಹುದು.

ಜಾಕ್ ಬೇಡದ, ಕೊಳೆ ಆಗದ ಕೆಲಸಗಳೂ ಬೇಕಾದಷ್ಟಿವೆ. ಏರ್ ಫಿಲ್ಟರ್, ಎಸಿಯ ಕ್ಯಾಬಿನ್ ಫಿಲ್ಟರ್, ವೈಪರ್, ಬಲ್ಬ್. ಕಲಿಯಲು ಶುರು ಮಾಡುವವರು ಇಲ್ಲಿಂದಲೇ ಶುರು ಮಾಡಲಿ.

ಆದರೆ ನನಗೆ ಅತೀ ಖುಷಿ ಕೊಟ್ಟಿದ್ದು ಒಂದು ಪತ್ತೆ ಕೆಲಸ. ಒಂದು ಬೆಳಗ್ಗೆ ಇಂಜಿನ್ ನಡುಗತೊಡಗಿತು, ಚೆಕ್ ಇಂಜಿನ್ ದೀಪ ಮಿನುಗಿತು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಕಾರಿನ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಚುಚ್ಚಿ ಫೋನಿನಲ್ಲಿ ನೋಡಿದರೆ ಪಿ0301 ಅಂತ ಬಂತು. ಅಂದರೆ ಒಂದನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕಿಡಿ ಹೊತ್ತಿಸುವ ಪ್ಲಗ್ ಹೋಗಿರಬಹುದು, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಹೋಗಿರಬಹುದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೂ ಇರಬಹುದು. ಸುಮ್ನೆ ಒಂದೊಂದೇ ಹೊಸದು ಹಾಕುತ್ತಾ ಹೋಗುವ ಬದಲು, ಇಂಜಿನ್ ತಣ್ಣಗಾದ ಮೇಲೆ ಒಂದನೇ ಕಾಯಿಲನ್ನು ಎರಡನೆಯದರ ಜಾಗಕ್ಕೆ, ಎರಡನೆಯದನ್ನು ಒಂದರ ಜಾಗಕ್ಕೆ ಹಾಕಿದೆ. ಕೋಡ್ ಅಳಿಸಿ, ಕಾರನ್ನು ಹೊರಗೆ ಬಯಲಿಗೆ ತಂದು ಸ್ಟಾರ್ಟ್ ಮಾಡಿದೆ. ಈಗ ಪಿ0302 ಬಂತು. ದೋಷ ಕಾಯಿಲ್ ಜೊತೆಗೇ ಜಾಗ ಬದಲಿಸಿತ್ತು! ಪ್ಲಗ್ಗೂ ಸರಿ ಇತ್ತು, ಇಂಜೆಕ್ಟರೂ ಸರಿ ಇತ್ತು. ಒಂದು ಕಾಯಿಲ್, ಒಂದು 10 ಮಿ.ಮೀ. ಸ್ಪ್ಯಾನರ್, ಅರ್ಧ ಗಂಟೆ. ಬಚ್ಚಲಮನೆಯಷ್ಟು ಜಾಗವೂ ಬೇಕಾಗಲಿಲ್ಲ.

ಬೆಳಕಿಗೆ ತಲೆಗೆ ಕಟ್ಟುವ ಟಾರ್ಚ್ ಬಳಸುತ್ತೇನೆ, ಎರಡೂ ಕೈ ಖಾಲಿ ಇರುತ್ತವೆ. ಬೋಲ್ಟುಗಳಿಗೆ ಆಯಸ್ಕಾಂತದ ತಟ್ಟೆ. ಹತ್ತಿರದ ಮೋರಿಯ ಜಾಲರಿಗೆ ಕೆಲಸ ಶುರು ಮಾಡುವ ಮೊದಲೇ ಬಟ್ಟೆ ಮುಚ್ಚುತ್ತೇನೆ. ಕ್ಯಾಲಿಪರಿನ ಒಂದು ಬೋಲ್ಟ್ ಅದರೊಳಗೆ ಬಿದ್ದರೆ ನನ್ನ ಒಂದು ಗಂಟೆಯ ನಿಯಮ ಅಲ್ಲಿಗೇ ಮುಗಿಯಿತು.

ಕೆಲವನ್ನು ನಾನು ಗ್ಯಾರೇಜಿಗೇ ಬಿಡುತ್ತೇನೆ. ಕ್ಲಚ್, ಟೈಮಿಂಗ್ ಬೆಲ್ಟ್, ಏರ್‌ಬ್ಯಾಗ್ ಸಂಬಂಧದ ಯಾವುದೂ ಬೇಡ. ಬ್ರೇಕ್ ಪ್ಯಾಡ್ ಹಾಕುತ್ತೇನೆ, ಆದರೆ ಬ್ರೇಕ್ ಪೈಪ್ ಬಿಚ್ಚುವುದಿಲ್ಲ. ಪೈಪ್ ಬಿಚ್ಚಿದ ಕ್ಷಣದಿಂದ, ಒಳಗಿನ ಗಾಳಿ ಪೂರ್ತಿ ತೆಗೆಯುವವರೆಗೆ ಆ ಕಾರು ಅಲ್ಲಾಡುವಂತಿಲ್ಲ. ಅಂದರೆ ವಾಪಸ್ ಬರುವ ದಾರಿ ಇಲ್ಲ.

ಪಕ್ಕದ ಪಾರ್ಕಿಂಗಿನವರು ಹೋದ ತಿಂಗಳು ಫೋನ್ ಮಾಡಿದ್ದರು. ಅವರ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಮೀಟರ್ ಹಿಡಿದೆ. ಬ್ಯಾಟರಿ 11.9 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಇದ್ದರೆ 12.6 ಇರಬೇಕು. ನನ್ನ ಕಾರಿನಿಂದ ಜಂಪ್ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿ, ಕೇಬಲ್ ತೆಗೆದು, ಕಾರನ್ನು ಹೊರಗೆ ತಂದು ಮತ್ತೆ ಮೀಟರ್ ಹಿಡಿದರೆ 14.2. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿ ಇದೆ, ಬ್ಯಾಟರಿಗೇ ವಯಸ್ಸಾಗಿದೆ ಅಂತ ಹೇಳಿದೆ. ಮರುದಿನ ಹೊಸದು ತಂದರು, ಇಬ್ಬರೂ ಸೇರಿ ಹಾಕಿದೆವು. ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಬೇಕು ಅಂದಾಗ ಯಾಕೆ ಅಂತ ಕೇಳಿದರು. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ಶಾರ್ಟ್ ಆಗುತ್ತದೆ, ನೆಗೆಟಿವ್ ಮೊದಲೇ ತೆಗೆದಿದ್ದರೆ ಏನೂ ಆಗುವುದಿಲ್ಲ ಅಂದೆ.

ಈಗ ಅವರ ಕಾರಿನ ಮುಂದಿನ ಬ್ರೇಕ್ ಕಿರುಗುಟ್ಟುತ್ತಿದೆ. ಬುಧವಾರ ಸಂಜೆ ಇಬ್ಬರೂ ಇಳಿದು ಬೋಲ್ಟುಗಳನ್ನು ಸಡಿಲಿಸಿ ನೋಡುವುದು, ಪಿನ್ನುಗಳು ತಿರುಗಿದರೆ ಭಾನುವಾರ ಪ್ಯಾಡ್ ಹಾಕುವುದು ಅಂತ ಮಾತಾಗಿದೆ. ಸಿಲಿಕೋನ್ ಗ್ರೀಸ್ ಟ್ಯೂಬಿನಲ್ಲಿ ಅರ್ಧದಷ್ಟು ಉಳಿದಿದೆ, ಎರಡು ಚಕ್ರಕ್ಕೆ ಅಷ್ಟು ಸಾಕು.